ಬೂದಿ ಎಲ್ಲಿ ಹೋಯಿತು ಎಂಬ ಲೆಕ್ಕ, ಬೂದಿಯಿಂದ ಏನು ಸೋರಿತು ಎಂಬ ಲೆಕ್ಕ

ಬಸವನ ಬಾಗೇವಾಡಿ ಸೀಮೆಯಲ್ಲಿ ಬೂದಿಯನ್ನು ಯಾರೂ ಕಸ ಎಂದವರಲ್ಲ. ಕುಳ್ಳು, ತೊಗರಿ ಕಟ್ಟಿಗೆ ಉರಿಸಿದ ಒಲೆಯ ಬೂದಿಯಿಂದ ಭಾಂಡೆ ತಿಕ್ಕಿದರು. ಬಿತ್ತನೆಗೆ ಇಟ್ಟ ಕಾಳಿಗೆ ಹುಳು ಬೀಳದಿರಲೆಂದು ಬೂದಿ ಬೆರೆಸಿದರು. ಉಳಿದದ್ದು ತಿಪ್ಪೆ ಸೇರಿ, ಅಲ್ಲಿಂದ ಹೊಲ ಸೇರಿತು. ಹಣೆಗೆ ಹಚ್ಚುವ ವಿಭೂತಿಯ ಮಾತಂತೂ ಬಸವಣ್ಣನವರು ಹುಟ್ಟಿದ ನೆಲದಲ್ಲಿ ಹೇಳಬೇಕಾಗಿಲ್ಲ. ಹೀಗೆ ಬೂದಿ ಎಂದರೆ ಹೆದರಿಕೆ ಇಲ್ಲದ ಊರುಗಳ ಮಗ್ಗುಲಿಗೆ ಇನ್ನೊಂದು ಬೂದಿ ಬಂತು. ಹೆಸರು ಒಂದೇ, ಗುಣ ಬೇರೆ.

ಮಸೂತಿ, ಕೂಡಗಿ, ತೆಲಗಿ, ಗೊಳಸಂಗಿ, ಮುತ್ತಗಿ ಸುತ್ತಿನಲ್ಲಿ ಈಗ ಎತ್ತ ನೋಡಿದರೂ ಎನ್‌ಟಿಪಿಸಿಯ ಚಿಮಣಿ ಕಾಣುತ್ತದೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400 ಮೆಗಾವ್ಯಾಟ್. ನೀರು ಆಲಮಟ್ಟಿಯ ಹಿನ್ನೀರಿನದು, ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುವಂಥದ್ದು. ಈ ಸ್ಥಾವರದ ಬಗ್ಗೆ ಬರೆದವರೆಲ್ಲ ಭೂಮಿಯ ಬಗ್ಗೆ, ಪರಿಹಾರದ ಬಗ್ಗೆ, ನೌಕರಿಯ ಬಗ್ಗೆ ಬರೆದಿದ್ದಾರೆ. ಅದು ಬರೆಯಬೇಕಾದದ್ದೇ. ನಾವು ಇಲ್ಲಿ ಬೂದಿಯ ಚರಿತ್ರೆಯನ್ನಷ್ಟೇ ಹಿಡಿದು ಹೊರಟಿದ್ದೇವೆ. ಸುಟ್ಟ ಮೇಲೆ ಉಳಿಯುವ ಬೂದಿಯಲ್ಲಿನ ಲೋಹಗಳು ನೀರಿಗೆ ಇಳಿಯದಂತೆ ಮನುಷ್ಯರು ಏನೇನು ಮಾಡಿದರು, ನಮ್ಮ ದೇಶ ಅದರಲ್ಲಿ ಯಾವುದನ್ನು ಕಲಿತಿತು, ಯಾವುದನ್ನು ಬಿಟ್ಟಿತು ಎಂಬುದು ನಮ್ಮ ಪ್ರಶ್ನೆ.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಡದೆ ಉಳಿಯುವ ಮಣ್ಣಿನಂಶ ಹೆಚ್ಚು, ನೂರಕ್ಕೆ ಮೂವತ್ತರಿಂದ ನಲವತ್ತೈದರ ತನಕ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 600 ಗ್ರಾಂ ಕಲ್ಲಿದ್ದಲು ಎಂದು ಹಿಡಿಯೋಣ, ಅದರಲ್ಲಿ ಮೂರನೇ ಒಂದು ಪಾಲು ಬೂದಿ ಎನ್ನೋಣ. ಯೂನಿಟ್ಟಿಗೆ 200 ಗ್ರಾಂ ಬೂದಿ ಆಯಿತು. 2400 ಮೆಗಾವ್ಯಾಟ್ ಸ್ಥಾವರ ಪೂರ್ತಿ ಸಾಮರ್ಥ್ಯದಲ್ಲಿ ಒಂದು ಹಗಲು ಒಂದು ರಾತ್ರಿ ಓಡಿದರೆ 5.76 ಕೋಟಿ ಯೂನಿಟ್. ಬೂದಿ 11,500 ಟನ್. 16 ಟನ್ ಹಿಡಿಸುವ ಲಾರಿಗೆ ತುಂಬಿದರೆ ಏಳುನೂರಕ್ಕೂ ಹೆಚ್ಚು ಲಾರಿ, ದಿನಕ್ಕೆ. ಇದು ನಮ್ಮ ಕೈಲೆಕ್ಕ. ಸ್ಥಾವರ ಎಲ್ಲ ದಿನವೂ ಪೂರ್ತಿ ಓಡುವುದಿಲ್ಲ, ಆದ್ದರಿಂದ ನಿಜದ ಅಂಕಿ ಕಡಿಮೆ ಇರುತ್ತದೆ. ಆದರೂ ಎಷ್ಟು ದೊಡ್ಡ ಗುಡ್ಡೆಯ ಮಾತು ಆಡುತ್ತಿದ್ದೇವೆ ಎಂಬುದು ತಿಳಿಯಲಿ.

ಒಲೆಯ ಬೂದಿ ಗಿಡದ್ದು. ಗಿಡ ನೆಲದಿಂದ ಎಳೆದುಕೊಂಡ ಪೊಟ್ಯಾಷ್, ಸುಣ್ಣದಂಶ ಅದರಲ್ಲಿ ಇರುತ್ತದೆ. ಕಲ್ಲಿದ್ದಲಿನ ಬೂದಿಯಲ್ಲಿ ಇರುವುದು ಬಹುಪಾಲು ಬಂಡೆಯ ಅಂಶ. ಕೋಟ್ಯಂತರ ವರ್ಷಗಳ ಹಿಂದೆ ಕೆಸರಿನ ಜೊತೆ ಹೂತುಹೋದ ಆರ್ಸೆನಿಕ್, ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ಸೆಲೆನಿಯಂ ಕಲ್ಲಿದ್ದಲಿನಲ್ಲಿ ಚೂರುಚೂರು ಇರುತ್ತವೆ. ಬೆಂಕಿ ಇವನ್ನು ನಾಶ ಮಾಡುವುದಿಲ್ಲ. ಮೂರು ಪಾಲು ಕಲ್ಲಿದ್ದಲು ಉರಿದು ಒಂದು ಪಾಲು ಬೂದಿ ಉಳಿದರೆ, ಆವಿಯಾಗದ ಲೋಹ ಅದರಲ್ಲಿ ಮೂರು ಪಟ್ಟು ಗಟ್ಟಿಯಾಗಿ ಕೂತಿರುತ್ತದೆ. ಆವಿಯಾಗುವ ಲೋಹಗಳದು ಇನ್ನೊಂದು ಕಥೆ. ಕುಲುಮೆಯ ಶಾಖಕ್ಕೆ ಮೇಲೆದ್ದು, ಹೊಗೆ ತಣಿಯುವಾಗ ನುಣ್ಣನೆಯ ಬೂದಿಕಣಗಳ ಮೈಮೇಲೆ ತೆಳ್ಳಗೆ ಕೂರುತ್ತವೆ. ಕಣ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಮೈ ದೊಡ್ಡದು, ಆದ್ದರಿಂದ ಲೋಹವೂ ಹೆಚ್ಚು. ಮೈಮೇಲೆ ಕೂತದ್ದು ನೀರು ತಾಗಿದರೆ ಮೊದಲು ಬಿಡುತ್ತದೆ. ಹಾರುಬೂದಿಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ನಗರದ ಕಸ ಸುಡುವ ಯಂತ್ರಗಳ ಬೂದಿಗೆ ಹೋಲಿಸಿದರೆ ಕಲ್ಲಿದ್ದಲಿನ ಬೂದಿ ಸೌಮ್ಯ. ಕಸದಲ್ಲಿ ಬ್ಯಾಟರಿ, ಬಣ್ಣ, ಪ್ಲಾಸ್ಟಿಕ್ ಎಲ್ಲ ಇರುವುದರಿಂದ ಅದರ ಹಾರುಬೂದಿಯಲ್ಲಿ ಸೀಸ, ಕ್ಯಾಡ್ಮಿಯಂ, ಸತು ಬಹಳ. ಜಗತ್ತು ಬೂದಿಯನ್ನು ಕಟ್ಟಿಹಾಕುವ ವಿದ್ಯೆ ಕಲಿತದ್ದೂ ಆ ಕಸದ ಬೂದಿಯ ಮೇಲೆಯೇ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1874ರಲ್ಲಿ ಕಸ ಸುಡುವ ದೊಡ್ಡ ಕುಲುಮೆ ಶುರುವಾಯಿತು. ಅದಕ್ಕೆ ಅವರು ಇಟ್ಟ ಹೆಸರು ‘ಡಿಸ್ಟ್ರಕ್ಟರ್’. ಹೆಸರು ಕೇಳಿದರೆ ಎಲ್ಲವೂ ನಾಶವಾಯಿತು ಎನ್ನಿಸಬೇಕು. ಉಳಿದ ಕಿಟ್ಟವನ್ನು ರಸ್ತೆಗೆ, ಕಲ್ಲುಹಾಸಿಗೆ ಹಾಕಿದರು. ಅದರಿಂದ ಮಳೆನೀರಿಗೆ ಏನು ಇಳಿಯುತ್ತದೆ ಎಂದು ಕೇಳಿದವರು ನೂರು ವರ್ಷ ಇರಲಿಲ್ಲ ಎಂದೇ ಹೇಳಬಹುದು.

ಕೇಳುವಂತೆ ಮಾಡಿದ್ದು ಒಂದು ಹಡಗು. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸದ ಬೂದಿ ಸುಮಾರು 14,000 ಟನ್ ತುಂಬಿಕೊಂಡು ‘ಖಿಯಾನ್ ಸೀ’ ಹೊರಟಿತು. ಯಾವ ಬಂದರೂ ಇಳಿಸಿಕೊಳ್ಳಲಿಲ್ಲ. 1988ರ ಆರಂಭದಲ್ಲಿ ಹೈಟಿ ದೇಶದ ಗೊನಾಯಿವ್ ಎಂಬಲ್ಲಿ ಸುಮಾರು 4,000 ಟನ್ ಇಳಿಸಿ ಹೊರಟುಹೋಯಿತು. ಕಾಗದದಲ್ಲಿ ಅದು ಗೊಬ್ಬರ ಎಂದು ಬರೆದಿತ್ತು! ಉಳಿದದ್ದು ಸಮುದ್ರದ ಪಾಲಾಯಿತು. ಹಡಗು ದಾರಿಯಲ್ಲಿ ಎರಡು ಸಲ ಹೆಸರು ಬದಲಿಸಿ, ಕೊನೆಗೆ ಖಾಲಿ ಹೊಟ್ಟೆಯಲ್ಲಿ ಸಿಂಗಾಪುರ ಮುಟ್ಟಿತು. ಅಪಾಯಕಾರಿ ತ್ಯಾಜ್ಯ ಒಂದು ದೇಶದಿಂದ ಇನ್ನೊಂದಕ್ಕೆ ಸಾಗುವುದನ್ನು ಹಿಡಿತಕ್ಕೆ ತಂದ 1989ರ ಬಾಸೆಲ್ ಒಪ್ಪಂದದ ಹಿಂದೆ ಇಂಥ ಹಡಗುಗಳ ಕಥೆ ಇದೆ. ಹೈಟಿಯ ದಂಡೆಯ ಬೂದಿ ಹನ್ನೆರಡು ವರ್ಷ ಅಲ್ಲೇ ಇದ್ದು, 2000ದಲ್ಲಿ ವಾಪಸು ಹೊರಟು, 2002ರಲ್ಲಿ ಪೆನ್ಸಿಲ್ವೇನಿಯಾದ ನೆಲ ಸೇರಿತು. ‘ಗೊಬ್ಬರ’ ಎಂಬ ಆ ಶಬ್ದವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಷ್ಟರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಬಂದಿತ್ತು. 1990ರಿಂದ ಜಾರಿಗೆ ಬಂದ ಈ ಪರೀಕ್ಷೆಯ ಚುಟುಕು ಹೆಸರು ಟಿಸಿಎಲ್‌ಪಿ. ಒಂದು ಪಾಲು ಬೂದಿಗೆ ಇಪ್ಪತ್ತು ಪಾಲು ತೆಳು ಅಸಿಟಿಕ್ ಆಮ್ಲದ ದ್ರಾವಣ, ಅಂದರೆ ಹೆಚ್ಚುಕಡಿಮೆ ವಿನೆಗರ್ ನೀರು, ಹಾಕಿ ಸುಮಾರು 18 ತಾಸು ತಿರುಗಿಸಿ, ಸೋಸಿದ ನೀರಿನಲ್ಲಿ ಎಷ್ಟು ಸೀಸ, ಎಷ್ಟು ಆರ್ಸೆನಿಕ್ ಬಂತು ಎಂದು ಅಳೆಯುವುದು. ಬೂದಿಯೊಳಗೆ ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಬಿಟ್ಟುಕೊಡುತ್ತದೆ ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಯಿತು. 1994ರಲ್ಲಿ ಶಿಕಾಗೋ ನಗರದ ವಿರುದ್ಧದ ಮೊಕದ್ದಮೆಯಲ್ಲಿ, ಕಸದ ಬೂದಿಗೆ ಅಪಾಯಕಾರಿ ತ್ಯಾಜ್ಯದ ಕಾನೂನಿನಿಂದ ವಿನಾಯಿತಿ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಂದ ಬೂದಿಯನ್ನು ಪರೀಕ್ಷೆಗೆ ಒಡ್ಡದೆ ಹೂಳುವುದು ಸಲೀಸಾಗಲಿಲ್ಲ. ಜಪಾನ್ ಇನ್ನೂ ಮುಂದೆ ಹೋಗಿತ್ತು. 1990ರ ದಶಕದ ಆರಂಭದಲ್ಲೇ ಕಸದ ಹಾರುಬೂದಿಯನ್ನು ವಿಶೇಷ ನಿಗಾದ ತ್ಯಾಜ್ಯ ಎಂದು ಕರೆದು, ಅದನ್ನು ಕರಗಿಸಿ ಗಾಜಿನಂತೆ ಮಾಡುವುದು, ಸಿಮೆಂಟಿನಲ್ಲಿ ಗಟ್ಟಿ ಮಾಡುವುದು, ಲೋಹ ಹಿಡಿಯುವ ರಾಸಾಯನಿಕ ಬೆರೆಸುವುದು, ಆಮ್ಲದಲ್ಲಿ ಲೋಹ ತೊಳೆದು ತೆಗೆಯುವುದು, ಇಂಥ ಕ್ರಮಗಳಲ್ಲಿ ಒಂದನ್ನು ಮಾಡದೆ ಹೂಳುವಂತಿಲ್ಲ ಎಂದಿತು.

ಇವುಗಳಲ್ಲಿ ಸಿಮೆಂಟಿನ ದಾರಿ ವಿಜಯಪುರದವರಿಗೆ ಹೊಸದೇನಲ್ಲ. ಗೋಳಗುಮ್ಮಟ ಕಟ್ಟಿದ ಕಾಲದ ಗಚ್ಚಿನ ವಿದ್ಯೆಯ ಮೊಮ್ಮಗ ಅದು. ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರಕಿ, ಬೆರೆಸಿ ಗಾಣದಲ್ಲಿ ಅರೆದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಬರುತ್ತದೆ ಎಂದು ದಖ್ಖನಿನ ಗೌಂಡಿಗಳಿಗೆ ಗೊತ್ತಿತ್ತು. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಸುಣ್ಣದೊಂದಿಗೆ ಕೂಡಿ ಕಲ್ಲಾಗುತ್ತದೆ. ಹಾರುಬೂದಿಯೂ ಸುಟ್ಟ ಮಣ್ಣೇ. ಸುಣ್ಣ, ನೀರು ಸಿಕ್ಕರೆ ಅದೂ ಹಾಗೆಯೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳುವಾಗ ಲೋಹದ ಕಣಗಳು ಆ ಜಿಗುಟಿನೊಳಗೆ ಸಿಕ್ಕಿಬೀಳುತ್ತವೆ, ಕೆಲವು ಹೊಸ ಹರಳುಗಳ ಭಾಗವೇ ಆಗುತ್ತವೆ. ನೀರು ಒಳಗೆ ನುಸುಳಲು ದಾರಿಯೂ ಕಡಿಮೆಯಾಗುತ್ತದೆ. ಸೀಸಕ್ಕೆ ಫಾಸ್ಫೇಟ್ ಬೆರೆಸುವ ಇನ್ನೊಂದು ಉಪಾಯ ಅಮೆರಿಕದಲ್ಲಿ ಬಂತು. ಸೀಸ ಮತ್ತು ಫಾಸ್ಫೇಟ್ ಕೂಡಿ ನೀರಿಗೆ ಹೆಚ್ಚುಕಡಿಮೆ ಕರಗದ ಖನಿಜವಾಗುತ್ತದೆ, ಹಲ್ಲು–ಎಲುಬಿನ ಖನಿಜದ ದಾಯಾದಿ.

ಆದರೆ ಒಂದೇ ಮದ್ದು ಎಲ್ಲ ಲೋಹಕ್ಕೆ ನಡೆಯುವುದಿಲ್ಲ. ಆಮ್ಲದಲ್ಲಿ ಸೀಸ, ಕ್ಯಾಡ್ಮಿಯಂ ಕರಗುತ್ತವೆ, ಆದ್ದರಿಂದ ಸುಣ್ಣ ಹಾಕಿ ಕ್ಷಾರ ಮಾಡಿದರೆ ಸುಮ್ಮನಾಗುತ್ತವೆ. ಸುಣ್ಣ ಮಿತಿಮೀರಿದರೆ ಸೀಸ ಮತ್ತೆ ಕರಗತೊಡಗುತ್ತದೆ. ಆರ್ಸೆನಿಕ್, ಸೆಲೆನಿಯಂ, ಮಾಲಿಬ್ಡಿನಂ, ಆರು ವೇಲೆನ್ಸಿಯ ಕ್ರೋಮಿಯಂ ಇವುಗಳ ಸ್ವಭಾವವೇ ಬೇರೆ, ಇವು ಕ್ಷಾರದ ನೀರಿನಲ್ಲೇ ಓಡಾಡುತ್ತವೆ. ನಮ್ಮ ಭಾಗಕ್ಕೆ ಇದು ಮುಖ್ಯ. ಮಸೂತಿ ಸುತ್ತಿನ ಯರಿ ಭೂಮಿಯಲ್ಲಿ ಸುಣ್ಣದಂಶ ಇದ್ದು ಮಣ್ಣು ಕ್ಷಾರದ ಕಡೆಗೆ ವಾಲಿದೆ. ‘ನಮ್ಮ ಮಣ್ಣು ಲೋಹ ಬಿಡುವುದಿಲ್ಲ’ ಎನ್ನುವ ಮಾತು ಸೀಸದ ಮಟ್ಟಿಗೆ ಸರಿ ಇರಬಹುದು, ಆರ್ಸೆನಿಕ್ಕಿಗೆ ಆ ಭರವಸೆ ಸಾಲದು. ಬೇಸಿಗೆಯಲ್ಲಿ ಯರಿ ನೆಲ ಬಿರಿಯುವುದನ್ನು ನೋಡಿದವರಿಗೆ ಮುಂಗಾರಿನ ಮೊದಲ ನೀರು ಆ ಬಿರುಕುಗಳಲ್ಲಿ ಹೇಗೆ ಇಳಿಯುತ್ತದೆ ಎಂಬುದು ಗೊತ್ತಿದೆ.

ಈಗ ನಮ್ಮ ದೇಶಕ್ಕೆ ಬರೋಣ. ಕರ್ನಾಟಕದ ಮೊದಲ ದೊಡ್ಡ ಕಲ್ಲಿದ್ದಲು ಸ್ಥಾವರ ರಾಯಚೂರಿನ ಶಕ್ತಿನಗರದ್ದು, ಮೊದಲ ಘಟಕ 1985ರಲ್ಲಿ ಶುರುವಾಯಿತು. ಆ ಕಾಲದ ಪದ್ಧತಿ ಎಂದರೆ ಬೂದಿಗೆ ನೀರು ಬೆರೆಸಿ ಪೈಪಿನಲ್ಲಿ ಬೂದಿಹೊಂಡಕ್ಕೆ ಹರಿಸುವುದು. ಅಗ್ಗದ ದಾರಿ, ದೂಳೂ ಏಳುವುದಿಲ್ಲ. ಆದರೆ ಸೋರುವಿಕೆಯ ದೃಷ್ಟಿಯಿಂದ ನೋಡಿದರೆ, ಯಾವುದನ್ನು ನೀರಿನಿಂದ ದೂರ ಇಡಬೇಕೋ ಅದನ್ನೇ ನೀರಿನಲ್ಲಿ ನೆನೆಹಾಕಿ ವರ್ಷಗಟ್ಟಲೆ ಇಟ್ಟಂತೆ. ಹೊಂಡದ ತಳಕ್ಕೆ ಹಾಸು ಇಲ್ಲದಿದ್ದರೆ ಕೆಳಗಿನ ಬಾವಿಗಳೇ ಅದರ ಪರೀಕ್ಷಾ ಕೊಳವೆ. ಏರಿ ಒಡೆದರೆ ಏನಾಗುತ್ತದೆ ಎಂಬುದನ್ನು 2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸಿಯ ಕಿಂಗ್‌ಸ್ಟನ್ ತೋರಿಸಿತು, ಸುಮಾರು 40 ಲಕ್ಷ ಘನ ಮೀಟರ್ ಬೂದಿ ಕೆಸರು ನದಿಗೆ ನುಗ್ಗಿತು. ನಮ್ಮಲ್ಲಿ 2020ರ ಏಪ್ರಿಲ್ 10ರಂದು ಮಧ್ಯಪ್ರದೇಶದ ಸಿಂಗರೌಲಿಯ ಸಾಸನ್‌ನಲ್ಲಿ ಬೂದಿಹೊಂಡ ಒಡೆದು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು.

ಸರ್ಕಾರಕ್ಕೆ ಚಿಂತೆ ಇರಲಿಲ್ಲ ಎನ್ನಲಾಗದು. 1994ರಲ್ಲಿ ಕೇಂದ್ರದ ಹಾರುಬೂದಿ ಮಿಷನ್ ಶುರುವಾಯಿತು. ಅದೇ ದಶಕದಲ್ಲಿ ವಿಶಾಖಪಟ್ಟಣದ ಎನ್. ಭಾನುಮತಿದಾಸ್ ಮತ್ತು ಎನ್. ಕಾಳಿದಾಸ್ ಹಾರುಬೂದಿ, ಸುಣ್ಣ, ಜಿಪ್ಸಂ ಸೇರಿಸಿ ಭಟ್ಟಿ ಇಲ್ಲದೆ ಇಟ್ಟಿಗೆ ಮಾಡುವ ‘ಫಾಲ್‌ಜಿ’ ವಿಧಾನವನ್ನು ಸಣ್ಣ ಉದ್ದಿಮೆದಾರರ ಕೈಗೆ ಕೊಟ್ಟರು. ಇಂದು ಊರೂರಲ್ಲಿ ಕಾಣುವ ಬೂದಿಬಣ್ಣದ ಇಟ್ಟಿಗೆಯ ಹಿಂದೆ ಈ ಕೆಲಸ ಇದೆ. ಸಿಮೆಂಟಿನ ಬಗ್ಗೆ ಹೇಳುವುದಾದರೆ, ನಾವು ಕೊಳ್ಳುವ ಪಿಪಿಸಿ ಚೀಲದಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರಲು ಭಾರತೀಯ ಮಾನಕವೇ ಒಪ್ಪುತ್ತದೆ. ಇವೆರಡೂ ಒಳ್ಳೆಯ ಬಳಕೆಗಳು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಇಲ್ಲಿ ಬೂದಿ ಸುಣ್ಣದೊಂದಿಗೆ ಕಟ್ಟಿಕೊಳ್ಳುತ್ತದೆ.

ಕಾನೂನು 1999ರ ಸೆಪ್ಟೆಂಬರ್ 14ರ ಅಧಿಸೂಚನೆಯಿಂದ ಶುರು. ಸ್ಥಾವರದ 50 ಕಿಲೋಮೀಟರ್ ಸುತ್ತಿನ ಇಟ್ಟಿಗೆ ಭಟ್ಟಿಗಳು ಮಣ್ಣಿಗೆ ಬೂದಿ ಬೆರೆಸಬೇಕು, ಸ್ಥಾವರ ಬೂದಿಯನ್ನು ಪುಕ್ಕಟೆ ಕೊಡಬೇಕು ಎಂದಿತು. ಅದರ ಹಿಂದಿನ ಕಾಳಜಿಯಲ್ಲಿ ಒಂದು ಭಾಗ ಇಟ್ಟಿಗೆಗಾಗಿ ಹೋಗುತ್ತಿದ್ದ ಮೇಲ್ಮಣ್ಣಿನದು. 2003, 2009, 2016ರಲ್ಲಿ ತಿದ್ದುಪಡಿ ಬಂತು. 2016ರದು ಇಟ್ಟಿಗೆ, ರಸ್ತೆಗಳನ್ನು ಮುನ್ನೂರು ಕಿಲೋಮೀಟರ್ ತನಕ ವಿಸ್ತರಿಸಿ, ಸಾಗಣೆ ವೆಚ್ಚದ ಹೊರೆಯನ್ನು ಸ್ಥಾವರದ ಮೇಲೂ ಹಾಕಿತು. 2021ರ ಡಿಸೆಂಬರ್ 31ರ ಹೊಸ ಅಧಿಸೂಚನೆ ನೂರಕ್ಕೆ ನೂರು ಬಳಕೆ ಎಂದಿತು, ಮಾಡದಿದ್ದರೆ ಉಳಿದ ಬೂದಿಗೆ ಟನ್ನಿಗೆ 1000 ರೂಪಾಯಿ ಪರಿಸರ ಪರಿಹಾರ ಎಂದಿತು.

ಇಪ್ಪತ್ತೆರಡು ವರ್ಷದ ಈ ಅಧಿಸೂಚನೆಗಳನ್ನು ಸಾಲಾಗಿ ಇಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಅಳತೆಯ ಗೋಲು ಟನ್ನು. ಎಷ್ಟು ಟನ್ ಹುಟ್ಟಿತು, ಎಷ್ಟು ಟನ್ ಹೊರಗೆ ಹೋಯಿತು, ಶೇಕಡಾ ಎಷ್ಟು. ಸಿಮೆಂಟ್ ಚೀಲದೊಳಗೆ ಹೋದ ಟನ್ನೂ, ತಗ್ಗು ಜಾಗ ತುಂಬಲು ಸುರಿದ ಟನ್ನೂ ‘ಬಳಕೆ’ಯ ಪಟ್ಟಿಯಲ್ಲಿ ಒಂದೇ ತೂಕ ತೂಗುತ್ತವೆ. 2021ರ ಪಟ್ಟಿಯಲ್ಲಿ ತಗ್ಗು ತುಂಬುವುದೂ ಇದೆ, ರಸ್ತೆಯ ಏರಿಯೂ ಇದೆ, ಗಣಿಯ ಗುಂಡಿಯೂ ಇದೆ. ಮಣ್ಣುಪರೀಕ್ಷೆಯ ಆಧಾರದ ಮೇಲೆ ಕೃಷಿಯೂ ಇದೆ. ಅನುಮತಿ, ಮಾರ್ಗಸೂಚಿ ಎಂಬ ಬೇಲಿಗಳನ್ನು ಹಾಕಿದ್ದಾರೆ ನಿಜ. ಆದರೂ ಕಟ್ಟಿಕೊಂಡ ಬೂದಿ ಮತ್ತು ಸಡಿಲ ಬೂದಿ ಎಂಬ ಎರಡು ಖಾತೆ ಇಲ್ಲ. ಗೊನಾಯಿವ್ ದಂಡೆಯ ‘ಗೊಬ್ಬರ’ ಇಲ್ಲಿ ನೆನಪಾಗುತ್ತದೆ. ಹಾರುಬೂದಿ ಹೊಲಕ್ಕೆ ಹಾಕಿ ಇಳುವರಿ ಹೆಚ್ಚಾದ ಪ್ರಯೋಗಗಳು ಇವೆ, ಆಮ್ಲದ ಮಣ್ಣಿಗೆ ಅದು ಉಪಕಾರಿಯೂ ಆಗಬಹುದು. ನಮ್ಮ ಯರಿ ಆಮ್ಲದ ಮಣ್ಣಲ್ಲ. ಒಲೆಬೂದಿಯ ರೂಢಿ ಇರುವ ರೈತರಿಗೆ ‘ಬೂದಿ ಹೊಲಕ್ಕೆ ಒಳ್ಳೇದು’ ಎಂದರೆ ಬೇಗ ನಂಬಿಕೆ ಬರುತ್ತದೆ, ಅದೇ ನಮ್ಮ ಆತಂಕ.

ಕೂಡಗಿಯ ಕಥೆ ಈ ಕಾನೂನುಗಳ ನಡುವೆಯೇ ಹುಟ್ಟಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಕೊಲ್ಹಾರ ಸೇರಿ ಹಲವು ಊರು ಮುಳುಗಿದ ಸೀಮೆ ಇದು. ಗಡಿಗೆ ಮೊಸರಿನ ಕೊಲ್ಹಾರ ಹೊಸ ಜಾಗಕ್ಕೆ ಎದ್ದು ಹೋದ ಮೇಲೆ, ಉಳಿದ ಒಣ ಭೂಮಿಯ ಊರುಗಳು ಎರಡನೇ ಸಲ ಭೂಮಿ ಕೊಡುವ ಮಾತು ಕೇಳಿದವು. 2012ರ ಜನವರಿಯಲ್ಲಿ ಕೇಂದ್ರದ ಪರಿಸರ ಅನುಮತಿ ಸಿಕ್ಕಿತು. ಅದನ್ನು ಪ್ರಶ್ನಿಸಿ ಈ ಭಾಗದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಬೆಳೆ ಬೆಳೆಯುವ ಭೂಮಿಯನ್ನು ಕಾಗದದಲ್ಲಿ ಬರಡು ಎಂದು ತೋರಿಸಲಾಗಿದೆ ಎಂಬುದು ಅವರ ದೂರುಗಳಲ್ಲಿ ಒಂದು. 2014ರ ಮಾರ್ಚಿನಲ್ಲಿ ನ್ಯಾಯಮಂಡಳಿ ಅನುಮತಿಯನ್ನು ತಡೆಹಿಡಿದು, ತಜ್ಞರ ಸಮಿತಿ ಮತ್ತೆ ಪರಿಶೀಲಿಸಲಿ ಎಂದಿತು. ಅದೇ ವರ್ಷ ಜುಲೈನಲ್ಲಿ ಸ್ಥಾವರದ ಬಳಿ ಪ್ರತಿಭಟನೆ, ಕಲ್ಲು, ಬೆಂಕಿ, ಪೊಲೀಸರ ಗುಂಡು ಎಲ್ಲ ಆಯಿತು. ಆ ದಿನಗಳಲ್ಲಿ ಜನರ ಬಾಯಲ್ಲಿದ್ದ ಮಾತು ಹಾರುಬೂದಿಯದೇ. ಉಳ್ಳಾಗಡ್ಡಿ ಬೆಳೆ ಏನಾಗುತ್ತದೆ, ದನಕ್ಕೆ ಮೇವು ಏನಾಗುತ್ತದೆ, ಬಾವಿ ನೀರು ಏನಾಗುತ್ತದೆ. ಈ ಪ್ರಶ್ನೆಗಳಲ್ಲಿ ಮೊದಲೆರಡು ಗಾಳಿಯ ಬೂದಿಯವು, ಮೂರನೆಯದು ನೆಲದ ಬೂದಿಯದು. ಸುದ್ದಿಯಲ್ಲಿ ಗಾಳಿಯ ಬೂದಿಗೆ ಜಾಗ ಸಿಕ್ಕಿತು, ಏಕೆಂದರೆ ಅದು ಎಲೆಯ ಮೇಲೆ ಕಾಣುತ್ತದೆ, ಫೋಟೋಕ್ಕೆ ಸಿಗುತ್ತದೆ. ನೀರಿಗೆ ಇಳಿದ ಲೋಹಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. 2016ರ ಕೊನೆಗೆ ಮೊದಲ ಘಟಕ ವಿದ್ಯುತ್ ಜಾಲಕ್ಕೆ ಸೇರಿತು, 2018ರ ಹೊತ್ತಿಗೆ ಮೂರೂ ಘಟಕ ಓಡತೊಡಗಿದವು.

ಇಲ್ಲಿ ಪತ್ರಕರ್ತರಾಗಿ ನಾವು ಎಚ್ಚರದಿಂದ ಇರಬೇಕಾದ ಒಂದು ಜಾಗ ಇದೆ. ವಿಜಯಪುರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ಉಪ್ಪಿನ ತೊಂದರೆ ಸ್ಥಾವರಕ್ಕಿಂತ ಹಳೆಯದು. ಬೋರ್‌ವೆಲ್ ನೀರು ಕೆಟ್ಟಿದೆ ಎಂದ ಕೂಡಲೇ ಬೂದಿಯ ಮೇಲೆ ಹಾಕಿದರೆ ವಾದ ಮೊದಲ ದಿನವೇ ಬೀಳುತ್ತದೆ. ಬೂದಿಯ ಸಹಿ ಹುಡುಕಬೇಕಾದದ್ದು ಬೋರಾನ್, ಸಲ್ಫೇಟ್, ಮಾಲಿಬ್ಡಿನಂ, ಆರ್ಸೆನಿಕ್, ಸೆಲೆನಿಯಂಗಳಲ್ಲಿ. ಇವುಗಳಲ್ಲಿ ಬೋರಾನ್, ಸಲ್ಫೇಟ್ ಬೇಗ ಇಳಿಯುವಂಥವು, ಅವು ಏರತೊಡಗಿದರೆ ಹಿಂದೆ ಉಳಿದವು ಬರಬಹುದು ಎಂಬ ಮುನ್ಸೂಚನೆ. ಅಮೆರಿಕ 2015ರಲ್ಲಿ ಕಲ್ಲಿದ್ದಲು ಬೂದಿಗೆ ನಿಯಮ ಮಾಡಿದಾಗ ಅದನ್ನು ಅಪಾಯಕಾರಿ ಎಂದು ಕರೆಯಲಿಲ್ಲ. ಆದರೆ ಹೊಸ ಹೊಂಡಕ್ಕೆ ಹಾಸು, ಸುತ್ತ ನಿಗಾ ಬಾವಿ, ಆ ಬಾವಿಗಳ ಅಂಕಿ ಸಾರ್ವಜನಿಕರ ಕಣ್ಣಿಗೆ ಎಂಬ ಷರತ್ತು ಹಾಕಿತು. ಮೊದಲು ನೋಡಬೇಕಾದ ಪಟ್ಟಿಯಲ್ಲಿ ಬೋರಾನ್, ಸಲ್ಫೇಟ್ ಇಟ್ಟಿತು.

ನಮ್ಮಲ್ಲಿಯೂ ಕೇಳಲು ದಾರಿ ಇದೆ. ಪರಿಸರ ಅನುಮತಿ ಪಡೆದ ಪ್ರತಿ ಸ್ಥಾವರ ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಮಸೂತಿ ಸುತ್ತಿನ ಪಂಚಾಯ್ತಿಗಳು ಅದನ್ನು ತರಿಸಿ ಓದುವಾಗ ಬಳಕೆಯ ಶೇಕಡಾ ನೋಡಿ ಮಡಚಿಡಬಾರದು. ಆ ಶೇಕಡಾದಲ್ಲಿ ಸಿಮೆಂಟಿಗೆ, ಇಟ್ಟಿಗೆಗೆ ಎಷ್ಟು, ತಗ್ಗಿಗೆ, ಏರಿಗೆ ಎಷ್ಟು? ತಗ್ಗು ತುಂಬಿದ್ದು ಯಾರ ಸರ್ವೆ ನಂಬರಿನಲ್ಲಿ, ಅದರ ಕೆಳಗಿನ ಬಾವಿ ಯಾವುದು? ಸುರಿಯುವ ಮೊದಲು ಬೂದಿಯನ್ನು ನೀರಿನಲ್ಲಿ ತಿರುಗಿಸಿ ನೋಡಿದ ಪರೀಕ್ಷೆಯ ಕಾಗದ ಎಲ್ಲಿ? ಊರಿನ ಎರಡು–ಮೂರು ಬಾವಿಗಳ ನೀರನ್ನು ಮುಂಗಾರಿಗೆ ಮೊದಲು ಮತ್ತು ನಂತರ ಪರೀಕ್ಷೆ ಮಾಡಿಸಿ ದಾಖಲೆ ಇಟ್ಟುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಶುರುವಿನ ಅಂಕಿ ಇಲ್ಲದೆ ಹತ್ತು ವರ್ಷದ ಮೇಲೆ ಯಾವ ನ್ಯಾಯಾಲಯಕ್ಕೆ ಹೋದರೂ ‘ಮೊದಲು ಹೇಗಿತ್ತು’ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಬೆಂಗಳೂರಿನ ಬಗ್ಗೆಯೂ ಒಂದು ಸಾಲು ಸೇರಿಸಬೇಕು. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವ್ಯಾಟ್ ವಿದ್ಯುತ್ ಮಾಡಲೆಂದು ಸ್ಥಾವರ ಕಟ್ಟಿದ್ದಾರೆ. ಕೂಡಗಿಯ ಮುಂದೆ ಅದು ಇರುವೆ. ಆದರೆ ಅದರ ಹಾರುಬೂದಿ ಕಸದ್ದು, ಸೀಸ–ಕ್ಯಾಡ್ಮಿಯಂ ಹೆಚ್ಚಿರುವ ಜಾತಿಯದು. ಅದು ಇಟ್ಟಿಗೆಯ ಹೆಸರಿನಲ್ಲಿ ಹೊರಗೆ ಬರುವಂಥದ್ದಲ್ಲ, ಕಟ್ಟಿ, ಪರೀಕ್ಷಿಸಿ, ಹಾಸು ಹಾಕಿದ ಗುಂಡಿಗೆ ಹೋಗಬೇಕಾದದ್ದು. ಅಲ್ಲಿನ ಗೆಳೆಯರು ಆ ಬೂದಿಯ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ ಬರೆಯಲಿ, ನಾವು ಕೂಡಗಿಯ ಲಾರಿಗಳ ಬೆನ್ನು ಹತ್ತುತ್ತೇವೆ. 2021ರ ಅಧಿಸೂಚನೆ ಹಳೆಯ ಬೂದಿಹೊಂಡಗಳನ್ನು ಖಾಲಿ ಮಾಡಲು ಹತ್ತು ವರ್ಷ ಕೊಟ್ಟಿದೆ. ರಾಯಚೂರಿನಂಥ ಹಳೆಯ ಹೊಂಡಗಳ ಬೂದಿ ಹೊರಗೆ ಬರುವ ಕಾಲ ಇದೇ.